ವಿಜ್ಞಾನ ಓದುವವಳು ದೇವರಿಗೆ ದೀಪ ಹಚ್ಚಬಹುದಾ?

ಪ್ರಶ್ನೆ: ನಾನು ಕಾರವಾರದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಮನೆ ಶಿರಸಿ ಕಡೆಯ ಹಳ್ಳಿ, ಅಡಿಕೆ ತೋಟ ಇದೆ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣದ ರಾತ್ರಿ ಮನೆಯಲ್ಲಿದ್ದೆ. ಅಜ್ಜಿ ಉಪ್ಪಿನಕಾಯಿ ಭರಣಿಗೂ ದರ್ಭೆ ಹಾಕಿ, ಗ್ರಹಣ ಬಿಡುವ ತನಕ ಏನೂ ತಿನ್ನಬೇಡ ಎಂದರು. ನಾನು ತಿಂದೆ. ಅವರು ಅತ್ತುಬಿಟ್ಟರು. ಅಪ್ಪ, ‘ವಿಜ್ಞಾನ ಈಗ ಹೇಳುವುದನ್ನೆಲ್ಲ ನಮ್ಮ ಹಿರಿಯರು ಮೊದಲೇ ಬರೆದಿಟ್ಟಿದ್ದಾರೆ’ ಎಂದರು. ಹಾಸ್ಟೆಲಿಗೆ ಬಂದರೆ ಗೆಳತಿ, ‘ಫಿಸಿಕ್ಸ್ ಓದುತ್ತಾ ದೇವರಿಗೆ ದೀಪ ಹಚ್ಚುತ್ತೀಯಲ್ಲ, ನಿನಗೆ ನೀನೇ ಮೋಸ ಮಾಡಿಕೊಳ್ಳುತ್ತಿದ್ದೀಯ’ ಎನ್ನುತ್ತಾಳೆ. ನನಗೆ ಎರಡೂ ಬೇಕು. ಎರಡನ್ನೂ ಇಟ್ಟುಕೊಳ್ಳಲು ಆಗುತ್ತದಾ ಸರ್?

ಉತ್ತರ: ಆಗುತ್ತದೆ ತಂಗಿ. ನಾನೂ ಎರಡನ್ನೂ ಇಟ್ಟುಕೊಂಡೇ ಮೂವತ್ತನಾಲ್ಕು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿದೆ. ಆದರೆ ಎರಡಕ್ಕೂ ಒಂದೇ ಕೆಲಸ ಹಚ್ಚಿದರೆ ಜಗಳ ತಪ್ಪಿದ್ದಲ್ಲ. ದೇವರಿಗೆ ಯಾವ ಕೆಲಸ ಹೇಳಬಾರದು ಎನ್ನುವುದು ಮೊದಲು ಗೊತ್ತಾಗಬೇಕು. ನನಗೆ ಅದು ಗೊತ್ತಾಗಿದ್ದು ಕಾಲೇಜಿನಲ್ಲಲ್ಲ, ತೋಟದಲ್ಲಿ. ನಿಮ್ಮದೂ ತೋಟದ ಮನೆ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮ ಅಪ್ಪಯ್ಯ ಓದಿದ್ದು ನಾಲ್ಕನೇ ಕ್ಲಾಸು. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮದ್ದು ಹೊಡೆಯುವ ದಿನ, ಬೆಳಿಗ್ಗೆ ಮೊದಲ ಕೆಲಸ ತೋಟದ ತಲೆಯಲ್ಲಿದ್ದ ಚೌಡಿ ಕಲ್ಲಿಗೆ ಹಣ್ಣುಕಾಯಿ. ಆಮೇಲೆ ಮದ್ದು ಕದಡುವುದು. ಒಂದು ಕೆ.ಜಿ. ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಐವತ್ತು ಲೀಟರ್ ನೀರಿನಲ್ಲಿ ಕರಗಬೇಕು. ಒಂದು ಕೆ.ಜಿ. ಸುಣ್ಣ ಬೇರೆ ಐವತ್ತು ಲೀಟರಿನಲ್ಲಿ. ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕೆ ಹೊಯ್ಯಬಾರದು. ಎಲ್ಲ ಸೇರಿ ಆಕಾಶದ ನೀಲಿ ಬಂದ ಮೇಲೆ ಅಪ್ಪಯ್ಯ ಒಂದು ಚಾಕುವನ್ನು ಬೂದಿಯಲ್ಲಿ ತಿಕ್ಕಿ, ಫಳಫಳ ಮಾಡಿ, ಅದರೊಳಗೆ ಅದ್ದಿ ಹಿಡಿಯುತ್ತಿದ್ದರು. ತೆಗೆದು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅಲಗಿನ ಮೇಲೆ ಕೆಂಪು ಕೂತಿದ್ದರೆ ಸುಣ್ಣ ಸಾಲದು, ತಾಮ್ರ ಹಾಗೇ ಉಳಿದಿದೆ ಎಂದರ್ಥ. ಅದನ್ನೇ ಹೊಡೆದರೆ ಮಿಳ್ಳೆ, ಅಂದರೆ ಎಳೆ ಅಡಿಕೆಕಾಯಿ, ಸುಟ್ಟುಹೋಗುತ್ತದೆ. ಮತ್ತೆ ಒಂದು ಬೊಗಸೆ ಸುಣ್ಣ, ಮತ್ತೆ ಚಾಕು. ಅಲಗು ಬೆಳ್ಳಗೇ ಬಂದ ಮೇಲೆ ಮಾತ್ರ ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡನಿಗೆ ‘ಹತ್ತು’ ಎನ್ನುತ್ತಿದ್ದರು.

ಒಂದು ವರ್ಷವೂ ಅವರು ‘ಚೌಡಿಗೆ ಕಾಯಿ ಒಡೆದಾಗಿದೆ, ಇನ್ನು ಚಾಕು ಯಾಕೆ’ ಎನ್ನಲಿಲ್ಲ. ‘ಚಾಕು ಇದೆಯಲ್ಲ, ಚೌಡಿ ಯಾಕೆ’ ಎಂದೂ ಎನ್ನಲಿಲ್ಲ. ಕಾಲೇಜು ಸೇರಿದ ಹೊಸತರಲ್ಲಿ ನಾನೇ ಕೇಳಿದೆ. ನಿನ್ನ ಗೆಳತಿ ಕೇಳಿದ ಪ್ರಶ್ನೆಯೇ. ಅಪ್ಪಯ್ಯ ಮದ್ದು ಕದಡುತ್ತಲೇ ಹೇಳಿದರು, ‘ಮದ್ದು ಅಡಿಕೆಗೆ. ಕಾಯಿ ಒಡೆಯುವುದು, ಮೇಲೆ ಹತ್ತಿದವನು ಇಳಿಯುವ ತನಕ ನಮ್ಮ ಎದೆ ಹೊಡೆದುಕೊಳ್ಳುತ್ತದಲ್ಲ, ಅದಕ್ಕೆ.’ ಐವತ್ತು ಅಡಿ ಮೇಲೆ ಒಂದು ಮರದಿಂದ ಇನ್ನೊಂದಕ್ಕೆ ದಾಟುವವನನ್ನು ಕೆಳಗೆ ನಿಂತು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ.

ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ. ನಂಬಿಕೆ ಈ ಲೋಕದ ಬಗ್ಗೆ ಏನಾದರೂ ಹೇಳಿದರೆ, ಅಂದರೆ ಇದು ಕುಡಿದರೆ ಅದು ವಾಸಿ, ಹೀಗೆ ಮಾಡಿದರೆ ಹಾಗಾಗುತ್ತದೆ ಎಂದರೆ, ಚಾಕು ಅದ್ದಿ ನೋಡಲೇಬೇಕು. ಯಾರ ಬಾಯಿಂದ ಬಂದ ಮಾತಾದರೂ ಸರಿ. ಆದರೆ ಎದೆ ಹೊಡೆದುಕೊಳ್ಳುವಾಗ ಯಾರನ್ನು ನೆನೆಯುತ್ತೀಯ ಎನ್ನುವ ಕಡೆ ಚಾಕು ಅದ್ದಲು ನೀರೇ ಇಲ್ಲ.

ಚಾಕು ಅದ್ದದೆ ಬಿಟ್ಟರೆ ಏನಾಗುತ್ತದೆ ಎನ್ನುವುದನ್ನೂ ಹೇಳಬೇಕು. ಇದನ್ನು ಬರೆಯುವುದು ನನಗೆ ಇವತ್ತಿಗೂ ಸುಲಭವಲ್ಲ. ನಾನು ಆರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆಯ ಅಕ್ಕ ದರಕು (ಒಣ ಎಲೆ) ಗುಡಿಸಲು ಬೆಟ್ಟಕ್ಕೆ ಹೋಗಿದ್ದಳು. ಕೊಳಕು ಮಂಡಲ ಕಚ್ಚಿತು. ಹತ್ತಿರದ ಊರಿನಲ್ಲಿ ವಿಷ ಇಳಿಸುವವರು ಒಬ್ಬರಿದ್ದರು, ಅಲ್ಲಿಗೆ ಹೊತ್ತುಕೊಂಡು ಹೋದರು. ಸೊಪ್ಪಿನ ರಸ, ಮಂತ್ರ, ತಂಬಿಗೆ ನೀರು. ಸಂಜೆಗೆ ಒಸಡಿನಲ್ಲಿ ರಕ್ತ ಜಿನುಗಿದ ಮೇಲೆ ಪೇಟೆಯ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ತೀರಿಕೊಂಡಳು. ಅವಳ ಮಗ ನನ್ನ ಜೊತೆ ಶಾಲೆಗೆ ಬರುತ್ತಿದ್ದ.

ವಿಷ ಇಳಿಸುವವರು ಸುಳ್ಳುಗಾರರಾಗಿರಲಿಲ್ಲ. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ತಮ್ಮ ಕೈಯಲ್ಲಿ ಎಷ್ಟೋ ಜನ ಬದುಕಿದ್ದಾರೆ ಎಂದು ಅವರಿಗೆ ಖಾತ್ರಿ ಇತ್ತು. ಅದು ನಿಜವೂ ಹೌದು. ನಮ್ಮ ಸುತ್ತಮುತ್ತ ಇರುವ ಹಾವುಗಳಲ್ಲಿ ವಿಷ ಇಲ್ಲದವೇ ಜಾಸ್ತಿ. ಕೇರೆ ಇದೆ, ನೀರೊಳ್ಳೆ ಇದೆ. ವಿಷದ ಹಾವು ಕೂಡ ಎಷ್ಟೋ ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಮಂತ್ರ ಹಾಕಿದರೂ ಬದುಕುತ್ತಾರೆ, ಹಾಕದಿದ್ದರೂ ಬದುಕುತ್ತಾರೆ. ಆದರೆ ಊರು ಅದನ್ನು ಮಂತ್ರದ ಖಾತೆಗೆ ಬರೆಯುತ್ತದೆ. ಸತ್ತವರನ್ನು ‘ಆಯುಸ್ಸು ಅಷ್ಟೇ ಇತ್ತು’ ಎಂಬ ಬೇರೆ ಖಾತೆಗೆ ಬರೆಯುತ್ತದೆ. ಎರಡೂ ಖಾತೆ ಒಟ್ಟಿಗೆ ಇಟ್ಟು ನೋಡಿದರೆ ಮಾತ್ರ ಸತ್ಯ ಕಾಣುತ್ತದೆ. ವಿಜ್ಞಾನ ಮಾಡುವುದು ಮುಖ್ಯವಾಗಿ ಈ ಕೆಲಸವನ್ನೇ. ನಾಗರ, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆ. ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ್ದನ್ನು ತೆಗೆದು ಮಾಡಿದ್ದು. ಹಾವು ಕಚ್ಚಿದವರನ್ನು ತಡ ಮಾಡದೆ ಅಲ್ಲಿಗೆ ಸೇರಿಸಬೇಕು. ದೇವರನ್ನು ಗಾಡಿಯಲ್ಲಿ ಕೂತು ನೆನೆಯಬಹುದು.

ಇಂಥ ಪರೀಕ್ಷೆಯನ್ನು ದೇವರಿಗೆ ಮಾಡಿದ ಅವಮಾನ ಎಂದು ತಿಳಿಯಬಾರದು. ಡಾ. ಎಚ್. ನರಸಿಂಹಯ್ಯ ಭೌತಶಾಸ್ತ್ರದ ಮೇಷ್ಟ್ರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಜನ ಸಿಟ್ಟಾದರು. ಅವರು ಕೇಳಿದ್ದು ಚಾಕು ಅದ್ದಲು ಬಿಡಿ ಎಂದು, ಅಷ್ಟೇ ಅಲ್ವಾ? ಅದೇ ವರ್ಷ ನಮ್ಮ ಸಂವಿಧಾನಕ್ಕೂ ವೈಜ್ಞಾನಿಕ ಮನೋಭಾವ ಬೆಳೆಸುವುದು ಪ್ರಜೆಯ ಕರ್ತವ್ಯ ಎಂಬ ಮಾತು ಸೇರಿತು.

ಈಗ ನಿನ್ನ ಗೆಳತಿಯ ಮಾತಿಗೆ ಬರುತ್ತೇನೆ. ಅವಳು ಹೇಳುವುದರ ಹಿಂದೆ ಇರುವ ಲೆಕ್ಕ ಇದು: ಕಾರಣ ಗೊತ್ತಿಲ್ಲದ ಕಾಲದಲ್ಲಿ ಜನ ದೇವರನ್ನು ಕಾರಣ ಎಂದರು, ಈಗ ಕಾರಣ ಗೊತ್ತಾಗಿದೆ, ಇನ್ನು ದೇವರು ಯಾಕೆ? ಅರ್ಧ ಸರಿ ಇದೆ. ಶಿರಸಿಯ ಮಾರಿಕಾಂಬೆಯನ್ನೇ ತೆಗೆದುಕೊ. ಮಾರಿ ಎಂದರೆ ಒಂದು ಕಾಲದಲ್ಲಿ ಸಿಡುಬಿನ ಭಯ. ಮೈಮೇಲೆ ಗುಳ್ಳೆ ಎದ್ದರೆ ಕಾಯಿಲೆ ಎನ್ನುತ್ತಿರಲಿಲ್ಲ, ಅಮ್ಮ ಬಂದಿದ್ದಾಳೆ ಎನ್ನುತ್ತಿದ್ದರು. ಲಸಿಕೆ ಬಂತು. ಭಾರತದ ಕೊನೆಯ ಸಿಡುಬು 1975ರಲ್ಲಿ. 1980ರ ಮೇ 8ರಂದು ಇಡೀ ಭೂಮಿಯಿಂದಲೇ ಸಿಡುಬು ಹೋಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಓಡಿಸಿದ್ದು ಸೂಜಿ, ಹರಕೆಯಲ್ಲ. ಅದನ್ನು ನೇರವಾಗಿ ಒಪ್ಪಬೇಕು.

ಆದರೆ ಸಿಡುಬು ಹೋಯಿತು, ಮಾರಿಕಾಂಬೆ ಹೋಗಲಿಲ್ಲ. ಎರಡು ವರ್ಷಕ್ಕೊಮ್ಮೆ ಜಾತ್ರೆಗೆ ಬಿಡಕಿಬೈಲಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ ಉಡಿ ತುಂಬುವ ಹೆಂಗಸರಲ್ಲಿ ಸಿಡುಬು ಕಂಡವರು ಈಗ ಎಷ್ಟು ಜನ ಸಿಕ್ಕಾರು? ದೇವಿ ಬರೀ ಒಂದು ಕಾಯಿಲೆಯ ವಿವರಣೆಯಾಗಿದ್ದರೆ ಕಾಯಿಲೆಯ ಜೊತೆಗೇ ಹೋಗಬೇಕಿತ್ತು. ಇದರಿಂದ ದೇವಿ ಇದ್ದಾಳೆ ಎಂದು ಸಾಬೀತಾಗುವುದಿಲ್ಲ, ನಾನು ಹಾಗೆ ಹೇಳುತ್ತಲೂ ಇಲ್ಲ. ಜನ ಅವಳ ಹತ್ತಿರ ಹೋಗುವುದು ವಿವರಣೆ ಕೇಳಲು ಅಲ್ಲ ಎನ್ನುವುದಂತೂ ಸಾಬೀತಾಗುತ್ತದೆ. ಇನ್ನೂ ಒಂದು ಮಾತು. ಅಲ್ಲಿ ಕೋಣ ಕಡಿಯುತ್ತಿದ್ದರು. ಗಾಂಧೀಜಿ ಶಿರಸಿಗೆ ಬಂದ ಕಾಲದಲ್ಲಿ, 1930ರ ದಶಕದಲ್ಲಿ, ಅದು ನಿಂತಿತು. ನಂಬಿಕೆಯೂ ತನ್ನನ್ನು ತಿದ್ದಿಕೊಳ್ಳುತ್ತದೆ, ತಿದ್ದುವವರು ಒಳಗಿದ್ದರೆ.

ದೇವರನ್ನು ನಂಬುವವನು ಒಳ್ಳೆಯ ವಿಜ್ಞಾನಿ ಆಗಲಾರ ಎನ್ನುವುದಂತೂ ತಪ್ಪು. 1979ರ ಭೌತಶಾಸ್ತ್ರದ ನೊಬೆಲ್ ಮೂವರಿಗೆ ಬಂತು. ಅದರಲ್ಲಿ ಅಬ್ದುಸ್ ಸಲಾಂ ದೇವರಲ್ಲಿ ಗಾಢವಾಗಿ ನಂಬಿಕೆ ಇದ್ದವರು. ಸ್ಟೀವನ್ ವೈನ್‌ಬರ್ಗ್ ನಾಸ್ತಿಕರು, ಅದನ್ನು ಮುಚ್ಚಿಟ್ಟವರೂ ಅಲ್ಲ. ಬೇರೆ ಬೇರೆ ಕೂತು ಲೆಕ್ಕ ಮಾಡಿದರು, ಬಂದ ಸಮೀಕರಣ ಒಂದೇ. ನಿನ್ನ ಗೆಳತಿಗೆ ಇದನ್ನು ಹೇಳು. ಜೊತೆಗೆ, ಅವಳು ನಂಬದೇ ಇರುವುದೂ ಪ್ರಾಮಾಣಿಕವಾದ ದಾರಿಯೇ ಎಂದು ನೀನು ಒಪ್ಪಬೇಕು.

ನನಗೆ ನಿನ್ನ ಅಪ್ಪನ ಮಾತೇ ಜಾಸ್ತಿ ಚಿಂತೆ ಹುಟ್ಟಿಸಿತು. ಅವರು ದೇವರನ್ನು ಕಾಪಾಡಲು ವಿಜ್ಞಾನದ ಊರುಗೋಲು ಕೊಡುತ್ತಿದ್ದಾರೆ. ಬೆಲ್ಜಿಯಂನ ಜಾರ್ಜ್ ಲೆಮೆತ್ರ್ ಕ್ಯಾಥೊಲಿಕ್ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲಿ ಲೆಕ್ಕ ಹಾಕಿ ತೋರಿಸಿದವರು. 1931ರಲ್ಲಿ ಎಲ್ಲವೂ ಒಂದು ಆದಿಕಣದಿಂದ ಶುರುವಾಗಿರಬೇಕು ಎಂದರು. ನಾವು ಬಿಗ್ ಬ್ಯಾಂಗ್ ಎನ್ನುವುದರ ಬೀಜ ಅದು. 1951ರಲ್ಲಿ ಪೋಪ್ ಹನ್ನೆರಡನೇ ಪಯಸ್, ದೇವರ ಸೃಷ್ಟಿಯನ್ನು ಈಗ ವಿಜ್ಞಾನವೂ ತೋರಿಸಿಕೊಟ್ಟಿದೆ ಎಂಬ ಅರ್ಥದಲ್ಲಿ ಭಾಷಣ ಮಾಡಿದರು. ಲೆಮೆತ್ರ್ ಖುಷಿ ಪಡಬೇಕಿತ್ತು ಅಲ್ವಾ? ಅವರಿಗೆ ಕಸಿವಿಸಿಯಾಯಿತು. ತನ್ನ ಸಿದ್ಧಾಂತ ದೇವರಿದ್ದಾನೆ ಎಂದೂ ಹೇಳುವುದಿಲ್ಲ, ಇಲ್ಲ ಎಂದೂ ಹೇಳುವುದಿಲ್ಲ, ಅದು ಆ ಪ್ರಶ್ನೆಯ ಹೊರಗಿದೆ ಎನ್ನುವುದು ಅವರ ನಿಲುವು. ನಾಳೆ ಸಿದ್ಧಾಂತ ಬದಲಾಗಬಹುದು. ಅದಕ್ಕೆ ಕಟ್ಟಿದ ದೇವರ ಗತಿ ಆಗ ಏನು? ನ್ಯೂಟನ್‌ಗೂ ಹೀಗೇ ಆಗಿತ್ತು. ಗ್ರಹಗಳ ದಾರಿ ಕೆಡದ ಹಾಗೆ ದೇವರು ಆಗಾಗ ಸರಿಪಡಿಸಬೇಕಾಗುತ್ತದೆ ಎಂದು ಅವರು ಎಣಿಸಿದ್ದರು. ಮುಂದಿನ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞ ಲಾಪ್ಲಾಸ್ ಅಲ್ಲಿಗೂ ಲೆಕ್ಕವನ್ನು ತಂದರು. ದೇವರಿಗೆ ಇದ್ದ ಜಾಗ ಹೋಯಿತು.

ಅಪ್ಪನಿಗೆ ನಮ್ಮ ಹಿರಿಯರ ಮೇಲೆ ಅಭಿಮಾನ ಇರಲಿ, ನನಗೂ ಇದೆ. ಆದರೆ ನಮ್ಮಲ್ಲಿ ಮೊದಲೇ ಇದ್ದದ್ದು ಬರೀ ಉತ್ತರ ಅಲ್ಲ, ಜಗಳವೂ ಇತ್ತು. ಚಂದ್ರಗ್ರಹಣ ಭೂಮಿಯ ನೆರಳು ಎಂದು ಆರ್ಯಭಟ 499ರಲ್ಲಿ ಬರೆದ. ಏಳನೇ ಶತಮಾನದಲ್ಲಿ ಬ್ರಹ್ಮಗುಪ್ತ ಅವನನ್ನು ಟೀಕಿಸಿ ರಾಹುವಿನ ಪರ ಮಾತಾಡಿದ. ಲೆಕ್ಕ ಮಾಡುವಾಗ ಮಾತ್ರ ಅವನೂ ನೆರಳನ್ನೇ ಹಿಡಿದ. ಕೇರಳದ ಪರಮೇಶ್ವರ ಎಂಬ ಪಂಡಿತ ದಶಕಗಟ್ಟಲೆ ಗ್ರಹಣಗಳನ್ನು ಕಣ್ಣಾರೆ ನೋಡಿದ. ಹಳೆಯ ಲೆಕ್ಕಕ್ಕೂ ಆಕಾಶಕ್ಕೂ ತಾಳೆ ಬೀಳಲಿಲ್ಲ. ಅವನು ಆಕಾಶವನ್ನು ನಂಬಿ ಲೆಕ್ಕ ತಿದ್ದಿದ, 1431ರಲ್ಲಿ. ಆ ಪದ್ಧತಿಯ ಹೆಸರೇ ದೃಗ್ಗಣಿತ, ಅಂದರೆ ಕಣ್ಣಿಗೆ ಕಂಡದ್ದರ ಜೊತೆ ಹೊಂದುವ ಗಣಿತ. ನಿಮ್ಮ ಮನೆಯ ಮೊಳೆಗೆ ಬಗ್ಗೋಣ ಪಂಚಾಂಗ ನೇತುಬಿದ್ದಿದ್ದರೆ ತೆಗೆದು ತೋರಿಸು. ಗ್ರಹಣದ ಸ್ಪರ್ಶ, ಮೋಕ್ಷದ ಹೊತ್ತು ಮೊದಲೇ ಅಚ್ಚಾಗಿರುತ್ತದೆ. ಅದು ಲೆಕ್ಕ ಹಾಕಿ ಬರೆದದ್ದು. ರಾಹುವಿಗೆ ಮನಸ್ಸು ಬಂದಾಗ ಹಿಡಿಯುವುದಾದರೆ ಹಾಗೆ ಅಚ್ಚು ಹಾಕಲು ಆಗುತ್ತಿತ್ತಾ?

ಇಷ್ಟು ಹೇಳಿದ ಮೇಲೂ ಒಂದು ಗಂಟು ಉಳಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಗೆ ಬಿತ್ತು. ಜೀವಗಳು ಹೋದವು. ಗುಡ್ಡ ಯಾಕೆ ಬಿತ್ತು? ದಿನಗಟ್ಟಲೆ ಸುರಿದ ಮಳೆ, ನೀರು ಕುಡಿದು ಭಾರವಾದ ಮಣ್ಣು, ಬುಡ ಕಡಿದ ಇಳಿಜಾರು. ಇಲ್ಲಿ ‘ದೇವರ ಸಿಟ್ಟು’ ಎಂದರೆ ಅದು ಬರೀ ತಪ್ಪಲ್ಲ, ಅಪಾಯ. ಮುಂದಿನ ಗುಡ್ಡವನ್ನು ನೋಡುವವರೇ ಇಲ್ಲದ ಹಾಗಾಗುತ್ತದೆ. ಆದರೆ ಮನೆಯವರನ್ನು ಕಳೆದುಕೊಂಡ ತಾಯಿ ‘ಯಾಕೆ’ ಎನ್ನುವಾಗ ಮಣ್ಣಿನ ಬಗ್ಗೆ ಕೇಳುತ್ತಿಲ್ಲ. ‘ಅದೇ ಹೊತ್ತಿಗೆ ನನ್ನ ಮಗನೇ ಯಾಕೆ ಅಲ್ಲಿರಬೇಕಿತ್ತು’ ಎಂದು ಕೇಳುತ್ತಾಳೆ. ವಿಜ್ಞಾನದ ಉತ್ತರ: ಅಲ್ಲಿದ್ದ, ಅಷ್ಟೇ. ಅದು ಸರಿಯಾದ ಉತ್ತರವೇ. ಅದನ್ನು ಆ ತಾಯಿಯ ಮುಂದೆ ಕೂತು ಹೇಳಲು ನನ್ನಿಂದಾಗದು.

ಬೇಡಿಕೊಂಡರೆ ದೇವರು ಮಧ್ಯೆ ಕೈ 	ಹಾಕುತ್ತಾನಾ? ಇದಕ್ಕೂ ಚಾಕು ಅದ್ದಿ ನೋಡಿದವರಿದ್ದಾರೆ. ಅಮೆರಿಕದಲ್ಲಿ ಹೃದಯದ ಬೈಪಾಸ್ ಆದ 1,802 ರೋಗಿಗಳನ್ನು ಮೂರು ಗುಂಪು ಮಾಡಿ, ಕೆಲವರಿಗಾಗಿ ಬೇರೆಯವರಿಂದ ಪ್ರಾರ್ಥನೆ ಮಾಡಿಸಿದರು. 2006ರಲ್ಲಿ ಫಲಿತಾಂಶ ಬಂತು. ತಮಗಾಗಿ ಪ್ರಾರ್ಥನೆ ಇದೆಯೋ ಇಲ್ಲವೋ ಎಂದು ಗೊತ್ತಿಲ್ಲದವರಲ್ಲಿ, ಪ್ರಾರ್ಥನೆ ಇದ್ದವರಿಗೆ ತೊಂದರೆ ಕಂಡದ್ದು ನೂರಕ್ಕೆ 52, ಇಲ್ಲದವರಿಗೆ 51. ಪ್ರಾರ್ಥನೆ ಇದೆ ಎಂದು ಗೊತ್ತಿದ್ದವರಿಗೆ 59. ಅಂದರೆ ಪ್ರಯೋಜನ ಕಾಣಲಿಲ್ಲ. ನನ್ನ ಹೆಂಡತಿಯ ಆಪರೇಷನ್ ದಿನ ಈ ಅಂಕಿಗಳು ನನಗೆ ಬಾಯಿಪಾಠ ಇದ್ದವು. ಆದರೂ ಹೊರಗಿನ ಬೆಂಚಿನ ಮೇಲೆ ಮೂರು ತಾಸು ‘ಮಹಾಬಲೇಶ್ವರಾ’ ಎನ್ನುತ್ತ ಕೂತಿದ್ದೆ. ಡಾಕ್ಟರ ಕೈಗೆ ಅದರಿಂದ ಬಲ ಬರುತ್ತದೆ ಎಂದು ನಾನು ಎಣಿಸಿರಲಿಲ್ಲ. ಆದರೆ ಆ ಮೂರು ತಾಸು ಒಬ್ಬನೇ ಇರಲು ನನಗೆ ಆಗುತ್ತಿರಲಿಲ್ಲ. ಇದನ್ನು ನಿನ್ನ ಗೆಳತಿ ಮೋಸ ಎನ್ನಬಹುದು. ನಾನು ಬಹಳ ಯೋಚಿಸಿದ್ದೇನೆ, ನನಗೆ ಹಾಗೆ ಅನಿಸಿಲ್ಲ.

ವಿಜ್ಞಾನಿಗೂ ಒಂದು ನಂಬಿಕೆ ಬೇಕಾಗುತ್ತದೆ. ನೀನು ಕಾರವಾರದಲ್ಲಿ ಟಾಗೋರ್ ಬೀಚಿಗೆ ಹೋಗುತ್ತಿರುತ್ತೀಯಲ್ಲ. ರವೀಂದ್ರರ ಅಣ್ಣ ಅಲ್ಲಿ ಜಡ್ಜ್ ಆಗಿದ್ದರು. 1883ರಲ್ಲಿ, ಇಪ್ಪತ್ತೆರಡರ ವಯಸ್ಸಿನಲ್ಲಿ, ರವೀಂದ್ರರು ಅಣ್ಣನ ಜೊತೆ ಉಳಿದು ಅಲ್ಲೊಂದು ನಾಟಕ ಬರೆದರು. ಅದೇ ರವೀಂದ್ರರು 1930ರ ಜುಲೈ 14ರಂದು ಬರ್ಲಿನ್ ಹತ್ತಿರದ ಮನೆಯಲ್ಲಿ ಐನ್‌ಸ್ಟೈನ್ ಎದುರು ಕೂತು ವಾದ ಮಾಡಿದರು. ಸತ್ಯಕ್ಕೆ ಅದನ್ನು ಅರಿಯುವ ಮನುಷ್ಯ ಬೇಕು ಎಂದರು ರವೀಂದ್ರರು. ಮನುಷ್ಯ ಇಲ್ಲದಿದ್ದರೂ ಸತ್ಯ ಇರುತ್ತದೆ ಎಂದರು ಐನ್‌ಸ್ಟೈನ್. ಆದರೆ ತಾನು ಹೇಳುವುದನ್ನು ಸಾಬೀತು ಮಾಡಲು ಬರುವುದಿಲ್ಲ, ಅದು ತನ್ನ ಧರ್ಮ ಎಂದೂ ಒಪ್ಪಿಕೊಂಡರು. ಕೊನೆಗೆ, ಹಾಗಾದರೆ ನಿಮಗಿಂತ ನಾನೇ ಹೆಚ್ಚು ಧಾರ್ಮಿಕ ಎಂದರು. ಲೋಕಕ್ಕೆ ಒಂದು ಕ್ರಮ ಇದೆ, ಅದು ನಮ್ಮ ಬುದ್ಧಿಗೆ ಸಿಗುತ್ತದೆ ಎನ್ನುವ ಭರವಸೆ ಇಲ್ಲದೆ ಯಾರೂ ಪ್ರಯೋಗ ಶುರು ಮಾಡುವುದಿಲ್ಲ.

ಇನ್ನು ನಿನ್ನ ಅಜ್ಜಿ. ಅವರ ಬಗ್ಗೆ ಬರೆಯುವ ಮೊದಲು ಒಂದು ದೃಶ್ಯ ಹೇಳುತ್ತೇನೆ. 1980ರ ಫೆಬ್ರವರಿ 16. ಗೋಕರ್ಣದ ಶಿವರಾತ್ರಿ ಮುಗಿದ ಬೆನ್ನಿಗೇ ಪೂರ್ಣ ಸೂರ್ಯಗ್ರಹಣ, ಅದರ ದಾರಿ ಅಂಕೋಲಾದ ಮೇಲೇ ಹಾದುಹೋಗಿತ್ತು. ನಾವು ನಾಲ್ಕು ಜನ ಹುಡುಗರು ಬಸ್ ಹತ್ತಿ ಹೋದೆವು. ಬಸ್ಸಿನಲ್ಲಿ ಬೇರೆ ಯಾರೂ ಇರಲಿಲ್ಲ, ಊರೆಲ್ಲ ಬಾಗಿಲು ಹಾಕಿತ್ತು. ಸಮುದ್ರದಂಡೆಯಲ್ಲಿ ಮಾತ್ರ ಗ್ರಹಣ ಸ್ನಾನಕ್ಕೆ ಬಂದ ಕೆಲವರಿದ್ದರು. ಹಾಲಕ್ಕಿ ಸಮುದಾಯದ ಒಬ್ಬ ಅಜ್ಜಿ ಕತ್ತಿನ ತುಂಬ ಮಣಿಸರ ಹಾಕಿಕೊಂಡು ಮೊಣಕಾಲು ನೀರಿನಲ್ಲಿ ಕಣ್ಣು ಮುಚ್ಚಿ ನಿಂತಿದ್ದರು. ಮೂರೂವರೆ ದಾಟಿದ ಮೇಲೆ ನೆರಳು ಸಮುದ್ರದ ಮೇಲಿಂದ ಬಂತು. ಗಾಳಿ ತಣ್ಣಗಾಯಿತು. ಸೂರ್ಯನ ಜಾಗದಲ್ಲಿ ಕಪ್ಪು ಬಿಲ್ಲೆ, ಸುತ್ತಲೂ ಹೂವಿನ ಎಸಳಿನ ಹಾಗೆ ಬೆಳ್ಳಗೆ ಕರೋನಾ, ಅಂದರೆ ಸೂರ್ಯನ ಹೊರಗಿನ ಪ್ರಭೆ. ದೂರದಲ್ಲಿ ಶುಕ್ರ. ಸೂರ್ಯ ಚಂದ್ರನಿಗಿಂತ ಸುಮಾರು 400 ಪಟ್ಟು ದೊಡ್ಡದು, ಸುಮಾರು ಅಷ್ಟೇ ಪಟ್ಟು ದೂರ, ಅದಕ್ಕೇ ಒಂದು ಇನ್ನೊಂದನ್ನು ಸರಿಯಾಗಿ ಮುಚ್ಚುತ್ತದೆ ಎಂದು ನನಗೆ ಗೊತ್ತಿತ್ತು. ಬಸ್ಸಿನಲ್ಲಿ ಗೆಳೆಯರಿಗೆ ಅದನ್ನೇ ಹೇಳುತ್ತ ಬಂದಿದ್ದೆ. ಎರಡು ನಿಮಿಷ ಚಿಲ್ಲರೆ ಕಳೆದು ಬೆಳಕು ತಿರುಗಿ ಬಂದಾಗ ನೋಡಿದರೆ, ನನ್ನ ಕೈ ಎರಡೂ ಜೋಡಿಸಿಕೊಂಡಿದ್ದವು. ಯಾವಾಗ ಜೋಡಿಸಿದೆ ಎಂದು ಗೊತ್ತಿಲ್ಲ. ಆ ಅಜ್ಜಿ ಗ್ರಹಣ ನೋಡಲಿಲ್ಲವಲ್ಲ ಎನ್ನುವುದು ಮಾತ್ರ ಇವತ್ತಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ.

ನಿನ್ನ ಅಜ್ಜಿ ಅತ್ತದ್ದು ಗ್ರಹಣಕ್ಕಲ್ಲ, ನಿನಗೆ ಏನಾದರೂ ಆದೀತು ಎಂದು. ಗ್ರಹಣದ ಹೊತ್ತಿಗೆ ಅನ್ನ ವಿಷವಾಗುತ್ತದೆ ಎನ್ನುವುದಕ್ಕೆ ಚಾಕು ಅದ್ದಬಹುದು. ಮುಂದಿನ ಸಲ ಅಜ್ಜಿಯ ಎದುರೇ ಎರಡು ಬಟ್ಟಲಲ್ಲಿ ಅನ್ನ ಇಡು, ಒಂದಕ್ಕೆ ದರ್ಭೆ ಹಾಕು, ಇನ್ನೊಂದಕ್ಕೆ ಬೇಡ. ಬೆಳಿಗ್ಗೆ ಇಬ್ಬರೂ ಮೂಸಿ ನೋಡಿ. ಅವರು ಸ್ನಾನ ಮಾಡಿ ಜಪಕ್ಕೆ ಕೂತರೆ ಸುಮ್ನಿರು, ಅದರ ಜೊತೆ ನಿನ್ನ ಫಿಸಿಕ್ಸ್‌ಗೆ ಜಗಳವೇ ಇಲ್ಲ.

2028ರ ಡಿಸೆಂಬರ್ 31ರ ರಾತ್ರಿ ಪೂರ್ಣ ಚಂದ್ರಗ್ರಹಣ ಇದೆ. ಮಳೆಗಾಲ ಅಲ್ಲ, ನಮ್ಮ ಕಡೆ ಆಕಾಶ ಚೊಕ್ಕ ಇರುವ ಕಾಲ. ಹತ್ತು ಗಂಟೆಗೆಲ್ಲ ಚಂದ್ರ ತಾಮ್ರದ ಬಣ್ಣಕ್ಕೆ ತಿರುಗಿರುತ್ತಾನೆ. ಅದಕ್ಕೆ ಒಂದು ತಾಸು ಮೊದಲೇ ಅಜ್ಜಿಗೆ ಶಾಲು ಹೊದೆಸಿ ಅಂಗಳಕ್ಕೆ ಕರೆದುಕೊಂಡು ಬಾ, ಕುರ್ಚಿ ಹಾಕಿ ಕೂರಿಸು. ಚಂದ್ರನ ಮೇಲೆ ಏರುವ ನೆರಳಿನ ಅಂಚನ್ನು ಬೆರಳು ಮಾಡಿ ತೋರಿಸು. ಅದು ಗೆರೆ ಎಳೆದ ಹಾಗೆ ನೇರ ಇರುವುದಿಲ್ಲ, ಕಮಾನಿನ ಹಾಗೆ ಬಾಗಿರುತ್ತದೆ. ‘ಅಜ್ಜಿ, ಅದು ನಮ್ಮ ಭೂಮಿ. ನಾವು ಕೂತ ಅಂಗಳವೂ ಆ ನೆರಳಿನೊಳಗೇ ಇದೆ’ ಎಂದು ಹೇಳು.